ಏಣಿ ಹತ್ತುವುದಕ್ಕೂ ತರಬೇತಿಯೇ?

ತಮ್ಮಾ, ಹುಬ್ಬಳ್ಳಿಯಲ್ಲಿ ಆರು ವರ್ಷ ವೈರಿಂಗ್ ಮಾಡಿದವನಿಗೆ ಬ್ರಿಟನ್ನಿನ ಗೋದಾಮಿನಲ್ಲಿ ಏಣಿ ಹತ್ತುವ ತರಬೇತಿ ಏಕೆ ಎಂದು ಕೇಳಿದ್ದೀಯ. ಬಿದ್ದರೆ ಹೇಳಬೇಕೋ, ಸುಮ್ಮನಿರಬೇಕೋ ಎಂದೂ ಕೇಳಿದ್ದೀಯ.

ತರಬೇತಿಗೆ ನಾನೂ ನಕ್ಕವನೇ. ಗದಗ-ಬೆಟಗೇರಿಯಲ್ಲಿ ಎರಡು ಬಿದಿರಿನ ನಿಚ್ಚಣಿಕೆಗಳನ್ನು ಹುರಿಹಗ್ಗದಿಂದ ಬಿಗಿದು, ಬುಡಕ್ಕೊಬ್ಬ ಹುಡುಗನನ್ನು ನಿಲ್ಲಿಸಿ ಅಂಗಡಿಗಳಿಗೆ ಬೋರ್ಡು ಏರಿಸುತ್ತಿದ್ದೆ. ನಾನು ಮೇಲಿರುವಾಗಲೇ ಆ ಹುಡುಗ ಚಹಾಕ್ಕೆ ಹೋದದ್ದೂ ಉಂಟು. ಇಲ್ಲಿ ಬ್ರಿಟನ್ನಿನಲ್ಲಿ, ಎತ್ತರದ ಕೆಲಸಕ್ಕೆಂದೇ 2005ರ ನಿಯಮಗಳಿವೆ. ಒಂದೇ ಕಡೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತಿನ ಕೆಲಸವಿದ್ದರೆ ಏಣಿ ಬಿಟ್ಟು ಬೇರೆ ಸಾಧನ ಕೇಳು. ಒರಗಿಸುವ ಏಣಿಯಾದರೆ ಪ್ರತಿ ನಾಲ್ಕು ಅಡಿ ಎತ್ತರಕ್ಕೆ ಬುಡ ಗೋಡೆಯಿಂದ ಒಂದು ಅಡಿ ಹೊರಗಿರಲಿ. ಮೇಲಿನ ಮೂರು ಮೆಟ್ಟಿಲುಗಳ ಆಸೆ ಬಿಡು. 2023-24ರಲ್ಲಿ ಇಲ್ಲಿ ಕೆಲಸದಲ್ಲಿ ಅಪಘಾತಕ್ಕೀಡಾಗಿ ಸತ್ತ 138 ಮಂದಿಯಲ್ಲಿ 50 ಮಂದಿ ಎತ್ತರದಿಂದ ಬಿದ್ದವರು. ಏಣಿಯಷ್ಟೇ ಅಲ್ಲ, ಛಾವಣಿಯೂ ಆ ಲೆಕ್ಕದಲ್ಲಿದೆ.

ನಾನು ಬಿದ್ದದ್ದು ಮಡಚುವ ಏಣಿಯ ಮೂರನೆಯ ಮೆಟ್ಟಿಲಿನಿಂದ. ಅದರ ಒಂದು ಕಾಲಿನ ರಬ್ಬರ್ ಟೊಪ್ಪಿಗೆ ಎಂದೋ ಕಳಚಿಹೋಗಿತ್ತು. ರಟ್ಟನ್ನು ನಾಲ್ಕು ಮಡಿಕೆ ಮಾಡಿ ಕೆಳಗಿಟ್ಟು ಹತ್ತಿದೆ. ಊರಿನ ಜಾಣತನ ನೋಡು. ದೀಪದ ಕಡೆ ಕೈ ಚಾಚಿದೆ, ರಟ್ಟು ಜಾರಿತು, ಇಡೀ ಮೈಭಾರ ಬಲ ಮಣಿಕಟ್ಟಿನ ಮೇಲೆ. ವೀಸಾ ಎಲ್ಲಿ ಹೋಗುತ್ತದೋ ಎಂದು ಹೆದರಿ ಎರಡು ದಿನ ಕೈಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಕಡಕ್ ರೊಟ್ಟಿ ಮುರಿಯಲಾಗದೆ ಕುಳಿತದ್ದನ್ನು ಕಂಡು ಹೆಂಡತಿ ಆಸ್ಪತ್ರೆಗೆ ಎಳೆದೊಯ್ದಳು. ಮೂಳೆ ಮುರಿದಿತ್ತು. "ಮನೆಯಲ್ಲಿ ಬಿದ್ದು ಇಲ್ಲಿಯ ಹೆಸರು ಹೇಳುತ್ತಿಲ್ಲವಷ್ಟೇ?" ಎಂದು ಮೇಲ್ವಿಚಾರಕ ಕೇಳಿದಾಗ ತೋರಿಸಲು ಏನೂ ಇರಲಿಲ್ಲ. ಆ ಏಣಿಯನ್ನು ಅಷ್ಟರಲ್ಲಿ ಗುಜರಿಗೆ ಹಾಕಿದ್ದರು.

ಆದ್ದರಿಂದ ಬಿದ್ದ ದಿನವೇ ಅಪಘಾತದ ಪುಸ್ತಕದಲ್ಲಿ ಬರೆಸು, ನೋಡಿದವರ ಹೆಸರನ್ನೂ ಸೇರಿಸು, ಏಣಿಯ ಫೋಟೊ ತೆಗೆ. ಹತ್ತು ಜನ ಕೆಲಸಗಾರರಿದ್ದರೂ ಸಾಕು, ಆ ಪುಸ್ತಕ ಇರಲೇಬೇಕು. ಮಣಿಕಟ್ಟು ಮುರಿದರೆ, ಇಲ್ಲವೇ ಏಳು ದಿನಕ್ಕಿಂತ ಹೆಚ್ಚು ಕಾಲ ನಿನ್ನ ಕೆಲಸ ಮಾಡಲಾಗದಿದ್ದರೆ, ಸರ್ಕಾರಕ್ಕೆ ವರದಿ ಕೊಡುವ ಹೊಣೆ ಮಾಲೀಕರದು. ಬರೆಸಿದ ಮಾತ್ರಕ್ಕೆ ವೀಸಾ ಹೋಗುವುದಿಲ್ಲ.

ಅವ್ವನಿಗೆ ಮಾತ್ರ ನಾನು ಇಂದಿಗೂ ಹೇಳಿಲ್ಲ. ಪಟ್ಟಿ ಬಿಚ್ಚುವವರೆಗೂ ವಿಡಿಯೊ ಕರೆಯಲ್ಲಿ ಎಡಗೈಯನ್ನೇ ಬೀಸಿದೆ.