ಹಳೇ ಟ್ರಂಕಲ್ಲಿ ಸಿಕ್ಕ ಯುದ್ಧಕಾಲದ ಪತ್ರಗಳು, ಮನೆಯವರನ್ನ ಹುಡುಕೋದು ಹೇಗೆ?
ನೀವು ಬರೀ ಹೆಸರು ಹಾಕಿ ಹುಡುಕ್ತಿರೋದಕ್ಕೇ ಟ್ರಂಕಲ್ಲಿ ಸಿಕ್ಕ ಆ 1943ರ ಪತ್ರಗಳನ್ನ ಬರೆದ ಸೈನಿಕನ ಮನೆಯವರು ಸಿಗ್ತಿಲ್ಲ ಅನ್ಸತ್ತೆ, ಒಂದೇ ಹೆಸರಿನ ಸೈನಿಕರು ಎಷ್ಟೋ ಜನ ಇರ್ತಾರೆ. ಮೊದಲು ಕವರ್ ಹಿಂಭಾಗ, ಕಾಗದದ ಮೇಲ್ತುದಿ ನೋಡಿ, ಸರ್ವೀಸ್ ನಂಬರ್ (ಸೈನಿಕನಿಗೆ ಕೊಟ್ಟ ಗುರುತಿನ ಸಂಖ್ಯೆ), ರೆಜಿಮೆಂಟ್ (ಅವನಿದ್ದ ಸೇನಾ ದಳ) ಇರಬಹುದು, ಪೆನ್ಸಿಲ್ ಮಾಸಿದ್ರೆ ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು ಫೋಟೋ ತೆಗೀರಿ, ಒತ್ತಿ ಬರೆದ ಗೆರೆ ಎದ್ದು ಕಾಣತ್ತೆ. ಫೀಲ್ಡ್ ಪೋಸ್ಟ್ ಆಫೀಸ್ (ಸೈನ್ಯದ ಜೊತೆಗಿರ್ತಿದ್ದ ಅಂಚೆ ಕಚೇರಿ) ಸೀಲಲ್ಲಿರೋ ನಂಬರ್ ಹಿಡ್ಕೊಂಡು ಸೈನಿಕನ ಊರು ಹುಡುಕ್ಬೇಡಿ, ಸೈನ್ಯ ಇರೋ ಜಾಗ ಗೊತ್ತಾಗಬಾರದು ಅಂತಲೇ ನಂಬರ್ ಹಾಕ್ತಿದ್ದಿದ್ದು.

ಆತ ಕಾಮನ್‌ವೆಲ್ತ್ (ಬ್ರಿಟನ್, ಭಾರತದಂಥ ದೇಶಗಳ) ಸೈನಿಕನಾಗಿದ್ದು, ಯುದ್ಧದಲ್ಲೇ ತೀರಿಕೊಂಡಿದ್ರೆ, ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿ, ದಾಖಲೆ ನೋಡ್ಕೊಳ್ಳೋ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ಕೆಲವು ಸಲ ಅಪ್ಪ ಅಮ್ಮನ ಹೆಸರು, ಊರೂ ಸಿಗತ್ತೆ. ಇಲ್ಲಾಂದ್ರೆ ರೆಜಿಮೆಂಟಿನ ಮಾಜಿ ಸೈನಿಕರ ಸಂಘಕ್ಕೆ ಬರೀರಿ, ವಿಳಾಸ ಕೇಳೋ ಬದಲು, ನೀವು ಬರೆದ ಪತ್ರಾನ ಆ ಸೈನಿಕನ ಮನೆಯವರಿಗೆ ತಲುಪಿಸಿ ಅನ್ನಿ. ಹಳೇ ಪತ್ರಗಳ ಒಳಗಿನ ಮಾತು ಆನ್‌ಲೈನಲ್ಲಿ ಎಲ್ಲೂ ಪೋಸ್ಟ್ ಮಾಡ್ಬೇಡಿ, ಅದು ಅವರ ಮನೆಯವರು ಮೊದಲು ಓದಬೇಕಾದ್ದು. ಪತ್ರ ಹರಿದಿದ್ರೂ ಟೇಪ್ ಮಾತ್ರ ಹಚ್ಬೇಡಿ.