ಪರದೆ ಮೇಲೆ ಹೋಯಿತು, ಬಣ್ಣವೂ ಹೋಯಿತು!

ಪ್ರಶ್ನೆ: ಹೊಸ ಮನೆಯ ಹಾಲ್‌ಗೆ ಆಸೆಪಟ್ಟು ಕಲಂಕಾರಿ ಅಚ್ಚಿನ ಹತ್ತಿ ಬಟ್ಟೆಯ ಪರದೆ ಹೊಲಿಸಿದೆ. ಮೊದಲ ಸಲ ಒಗೆದದ್ದಕ್ಕೇ 3 ಇಂಚು ಮೇಲೆ ಹೋಗಿದೆ. ಕಿಟಕಿ ಪಶ್ಚಿಮಕ್ಕಿದೆ, 8 ತಿಂಗಳಿಗೇ ಅಲ್ಲಲ್ಲಿ ಬಣ್ಣ ಮಾಸಿದೆ. ಮೊದಲೇ ಉಪ್ಪುನೀರಲ್ಲಿ ನೆನೆಸಬೇಕಿತ್ತು ಅಂತಾರೆ ಅತ್ತೆ. ಅಂಗಡಿಯವರು ಮೋಸ ಮಾಡಿದರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೋಸ ಅಂತ ನನಗನ್ನಿಸುವುದಿಲ್ಲ. ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗಿಯೇ ಕುಗ್ಗುತ್ತದೆ. 7 ಅಡಿ ಪರದೆಗೆ 3 ಇಂಚು ಜಾಸ್ತಿಯೇನಲ್ಲ. ಹೊಲಿಗೆ ಕಲಿತ ಹೊಸದರಲ್ಲಿ ನಾನೂ ಒಬ್ಬರ ನಾಲ್ಕು ಪರದೆಗಳನ್ನು ನೀರು ತೋರಿಸದೆ ಕತ್ತರಿಸಿದ್ದೆ. ಆಮೇಲೆ ಬಟ್ಟೆಯ ದುಡ್ಡು ಕೈಯಿಂದ ಕಟ್ಟಿಕೊಟ್ಟೆ! ಅಂದಿನಿಂದ ಒಂದು ರಾತ್ರಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿ ಹಿಡಿಯುತ್ತೇನೆ.

ಅತ್ತೆಯವರಿಗೆ ಬೇಜಾರಾಗದಂತೆ ಹೇಳಿ, ಅಚ್ಚು ಬಿದ್ದ ಬಟ್ಟೆಯಲ್ಲಿ ಬಣ್ಣ ನಿಲ್ಲಿಸುವ ಶಕ್ತಿ ಉಪ್ಪಿಗಿಲ್ಲ. ಬಣ್ಣ ನಿಲ್ಲುವ ಕೆಲಸ ಬಟ್ಟೆ ತಯಾರಾಗುವಾಗಲೇ ಮುಗಿದಿರಬೇಕು. ಆಂಧ್ರದ ಮಚಲೀಪಟ್ಟಣದ ಪಕ್ಕದ ಪೆಡನದಲ್ಲಿ ಹಳೆಯ ಪದ್ಧತಿಯಲ್ಲಿ ಕಲಂಕಾರಿ ಮಾಡುವವರು ಬಟ್ಟೆಯನ್ನು ಮೊದಲು ಅಳಲೆಕಾಯಿ ಪುಡಿ, ಎಮ್ಮೆ ಹಾಲು ಬೆರೆಸಿದ ನೀರಲ್ಲಿ ಅದ್ದುತ್ತಾರೆ. ಕಪ್ಪಿಗೆ ತುಕ್ಕು ಕಬ್ಬಿಣ ಮತ್ತು ಬೆಲ್ಲ ಹುಳಿಯಿಸಿದ ನೀರು. ಕೆಂಪಿಗೆ ಪಟಿಕದ ಅಚ್ಚೊತ್ತಿ, ಬಣ್ಣದ ನೀರಲ್ಲಿ ಕುದಿಸುತ್ತಾರೆ. ಪಟಿಕ ಬಿದ್ದ ಕಡೆ ಮಾತ್ರ ಕೆಂಪು ಹಿಡಿದು ನಿಲ್ಲುತ್ತದೆ. ಅಂಗಡಿಯಲ್ಲಿ ಕಲಂಕಾರಿ ಅಂತ ಮಾರುವುದರಲ್ಲಿ ಸ್ಕ್ರೀನ್ ಪ್ರಿಂಟ್ ಕೂಡ ಇರುತ್ತದೆ, ಅದು ತಪ್ಪೇನಲ್ಲ, ಆದರೆ ಬೆಲೆ ಕೈ ಅಚ್ಚಿನದ್ದಾಗಿರಬಾರದು ಅಲ್ವಾ? ಕೈ ಅಚ್ಚಾದರೆ ಹೂವಿನ ಜೋಡಣೆ ಎಲ್ಲೋ ಒಂದು ಕಡೆ ನೂಲಿನಷ್ಟು ತಪ್ಪಿರುತ್ತದೆ. ಬಿಳಿ ಬಟ್ಟೆ ಒದ್ದೆ ಮಾಡಿ ಮೂಲೆಯಲ್ಲಿ ತಿಕ್ಕಿ ನೋಡಿ, ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಆದರೆ ನಿಮ್ಮ ಮನೆಯಲ್ಲಿ ನಿಜವಾದ ಅಪರಾಧಿ ಬಿಸಿಲು. ಸಂಜೆಯ ಓರೆ ಬಿಸಿಲಿಗೆ ಎಂಥ ಬಣ್ಣವೂ ಸೋಲುತ್ತದೆ, ಅದೂ ನೆರಿಗೆಯ ಉಬ್ಬಿನಲ್ಲಿ ಮೊದಲು. ಕಿಟಕಿಯ ಕಡೆಗೆ ಬಿಳಿ ಕಾಟನ್ ಅಸ್ತರ್ ಕೊಡಿಸಿ, ಬಿಸಿಲನ್ನು ಅದು ತಿನ್ನಲಿ. ಅಸ್ತರನ್ನೂ ನೆನೆಸಿ ಒಣಗಿಸಿ ಆಮೇಲೆ ಹೊಲಿಸಿ, ಇಲ್ಲದಿದ್ದರೆ ಒಂದು ಕುಗ್ಗಿ ಇನ್ನೊಂದು ಜೋಲುತ್ತದೆ. ಇನ್ನು 3 ಇಂಚಿಗೆ, ಕೆಳಗಿನ ಮಡಿಕೆ ಬಿಚ್ಚಿಸಿ ನೋಡಿ. ಸಾಲದಿದ್ದರೆ ಪರದೆಯ ಬಣ್ಣಕ್ಕೆ ಹೊಂದುವ ಸಾದಾ ಬಟ್ಟೆಯ ಒಂದು ಗೇಣು ಪಟ್ಟಿ ಹೊಲಿಸಿ. ಬೇಕೆಂದೇ ಹಾಕಿಸಿದಂತೆ ಕಾಣುತ್ತದೆ, ಸುಳ್ಳಲ್ಲ.

ಪ್ರಶ್ನೆ: ಕಿಟಕಿ 5 ಅಡಿ ಅಗಲ, ಪರದೆ 7 ಅಡಿ ಉದ್ದ ಬೇಕು. ಎಷ್ಟು ಬಟ್ಟೆ ತರಲಿ? ಅದೇ ಬಟ್ಟೆ ಸೋಫಾಗೂ ಆಗುತ್ತದಾ?
– ಓದುಗರೊಬ್ಬರು, ಶಿರಸಿ

ಉತ್ತರ: ನೆರಿಗೆಗೆ ಕಿಟಕಿಯ ಎರಡರಷ್ಟು ಅಗಲ ಬೇಕು. 44 ಇಂಚು ಪನ್ನದ (ಅಗಲದ) ಬಟ್ಟೆಯಾದರೆ 3 ತುಂಡು. ಒಂದೊಂದಕ್ಕೆ 84 ಇಂಚು, ಮೇಲೆ ಕೆಳಗೆ ಮಡಿಕೆಗೆ 10, ಕುಗ್ಗುವುದಕ್ಕೆ 5. ಒಟ್ಟು 8 ಮೀಟರ್ ಕೊಳ್ಳಿ. ದೊಡ್ಡ ಹೂವಿನ ವಿನ್ಯಾಸವಾದರೆ ಜೋಡಿಸಲು ಇನ್ನೊಂದು ಮೀಟರ್ ಇರಲಿ. ಸೋಫಾಗೆ ಬೇಡ, ಪರದೆಯದು ತೆಳು ಬಟ್ಟೆ, ಮಕ್ಕಳು ಹತ್ತಿ ಇಳಿದರೆ ವರ್ಷಕ್ಕೇ ಹರಿಯುತ್ತದೆ. ಉಳಿದ ತುಂಡಲ್ಲಿ ದಿಂಬಿನ ಕವರ್ ಮಾಡಿ.