‘ವೈಟ್ ಹಾರ್ಟ್’ ಅಂದ್ರೆ ಬಿಳಿ ಹೃದಯ ಅಲ್ಲ

ಇಂಗ್ಲೆಂಡಿನ ಪಬ್ ಹೆಸರು ‘ವೈಟ್ ಹಾರ್ಟ್’ ಅನ್ನೋದನ್ನ ‘ಬಿಳಿ ಹೃದಯ’ ಅಂತ ಅನುವಾದ ಮಾಡಿದ್ದೀರಿ, ಬೋರ್ಡಿನಲ್ಲಿ ಜಿಂಕೆ ಯಾಕೆ ಅಂತ ಕೇಳಿದ್ದೀರಿ. hart (ಗಂಡು ಜಿಂಕೆ), heart (ಹೃದಯ) ಅನ್ನೋ ಎರಡು ಪದಗಳ ಉಚ್ಚಾರಣೆ ಒಂದೇ ಆಗಿರೋದೇ ಗೊಂದಲಕ್ಕೆ ಕಾರಣ.

ಮೊದಲು ಸ್ಪೆಲ್ಲಿಂಗ್ ನೋಡಿ. ಎಚ್ ಆದಮೇಲೆ ಇ ಇಲ್ಲದಿದ್ದರೆ ಅದು ಗಂಡು ಜಿಂಕೆ. ಹಳೆಯ ಇಂಗ್ಲಿಷಿನ ‘ಹೆಯೊರೊಟ್’ನಿಂದ ಬಂದ ಪದ, ಜರ್ಮನ್ನಿನ ‘ಹಿರ್ಷ್’ ಇದರ ನೆಂಟ. ಆಮೇಲೆ ಸಂದರ್ಭ ನೋಡಿ: ಹಳೇ ಬೇಟೆಗಾರರ ಮಾತಲ್ಲಿ ಐದು ವರ್ಷ ದಾಟಿದ ಕೆಂಪು ಜಿಂಕೆಯ ಗಂಡಿಗೆ ಮಾತ್ರ ಈ ಹೆಸರು, ಹೆಣ್ಣು ‘ಹೈಂಡ್’; ಪದ್ಯಗಳಲ್ಲಿ ಅಷ್ಟು ಬಿಗಿ ಇಲ್ಲ.

ಬಿಳಿ ಹಾರ್ಟ್ ದೊರೆ ಎರಡನೇ ರಿಚರ್ಡನ (1377–1399) ಲಾಂಛನ. ಆದರೆ ಪ್ರತಿಯೊಂದು ಪಬ್ಬಿಗೂ ಅಲ್ಲಿಂದಲೇ ಹೆಸರು ಬಂತು ಅನ್ನೋಕಾಗಲ್ಲ.

‘ಬಿಳಿ ಗಂಡುಜಿಂಕೆ’ ಅಂತ ತಿದ್ದಿ. ಕಡವೆ ಅಂತ ಬರೀಬೇಡಿ, ಅದು ಬೇರೆ ಪ್ರಾಣಿ.